ಮೇಟಿ ಪುಟ್ಟಬಸವನೂ ನಾನು ಬಚ್ಚಿಟ್ಟ ನಿಯಮವೂ

ತಮ್ಮ ನೆನಪಿನ ಮೇಲೆ ಭರವಸೆಯಿಟ್ಟು ಬದುಕುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮ ಶಾಲೆಯ ಗಣಿತದ ಮೇಷ್ಟರು ತಮ್ಮ ಮದುವೆಯಲ್ಲಿ ಎರಡನೆಯ ಪಂಕ್ತಿಗೆ ಬಡಿಸಿದ ಹುಳಿಯಲ್ಲಿ ಯಾವ ತರಕಾರಿ ಇತ್ತೆಂಬುದನ್ನು ಇಂದಿಗೂ ಹೇಳುತ್ತಾರೆ. ನಾನು ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಂದವನು. ಆ ಓದಿನಿಂದ ನನಗಾದ ಲಾಭವೆಂದರೆ ಮೊದಲು ಬೇರೆಯವರ ಮಾತನ್ನು ನಂಬದೆ ಹೋದದ್ದು, ಆಮೇಲೆ ನನ್ನ ಮಾತನ್ನೂ ನಂಬದೆ ಹೋದದ್ದು. ಊರಿಗೆ ಹೊರಟಾಗ ನನ್ನಾಕೆ, ಬೀಗ ಹಾಕಿದಿರಾ ಎಂದು ಕೇಳುತ್ತಾಳೆ. ಸರಿಯಾದ ಗಂಡಸಾದರೆ ಹೌದು ಅಥವಾ ಇಲ್ಲ ಅನ್ನುತ್ತಾನೆ. ನಾನು, ಹಾಕಿದ ನೆನಪೇನೋ ಇದೆ, ಅದು ಇವತ್ತಿನದೋ ಹೋದ ಸಲದ್ದೋ ಹೇಳುವುದು ಹೇಗೆ ಎನ್ನುತ್ತೇನೆ. ಹೀಗೆ ಮೂರು ಸಲ ಹೊಳೆನರಸೀಪುರದ ರೈಲ್ವೆ ಸ್ಟೇಷನ್ನಿನಿಂದ ಮನೆಗೆ ವಾಪಸಾಗಿದ್ದೇವೆ. ಮೂರು ಸಲವೂ ಬೀಗ ಅದರ ಜಾಗದಲ್ಲೇ ಇತ್ತು. ಬೀಗದಲ್ಲಿ ದೋಷವಿಲ್ಲ, ಹಾಕಿದವರಲ್ಲಿ ಇದೆ ಎಂಬುದು ನನ್ನಾಕೆಯ ತೀರ್ಮಾನ.

ಇಂಥವನನ್ನು ಹಿಡಿದು ಒಬ್ಬ ಮಹಾಪುರುಷನ ಜೀವನ ಮತ್ತು ಸಾಧನೆಯ ಬಗ್ಗೆ ಮಾತಾಡಿ ಎಂದರೆ ಏನಾದೀತು? ಮೇಟಿ ಪುಟ್ಟಬಸವ ಈಗ ಆಟ ನಿಲ್ಲಿಸುತ್ತಿದ್ದಾನೆ. ಹಾಸನದವರು ಅವನಿಗೊಂದು ಸನ್ಮಾನ ಇಟ್ಟುಕೊಂಡಿದ್ದಾರೆ. ಹಾಸನ ಜಿಲ್ಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಯಾರನ್ನೇ ಕೇಳಿ, ಪುಟ್ಟಬಸವನಂಥ ಸೆಂಟರ್ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ ಅನ್ನುತ್ತಾರೆ. ಹಿಂದೆ ಇರಲಿಲ್ಲ ಎಂಬುದು ನಿಜ, ಏಕೆಂದರೆ ಹಿಂದೆ ಆ ಆಟವೇ ಇಲ್ಲಿ ಇರಲಿಲ್ಲ. ಮುಂದಿನದು ಯಾರಿಗೆ ಗೊತ್ತು? ಅವನನ್ನು ಕಂಡುಹಿಡಿದವನು ನಾನೆಂದು ಎಲ್ಲರೂ ಹೇಳುವುದರಿಂದ ನಾನೂ ನಂಬಿದ್ದೇನೆ. ಆದರೆ ಅವನ ಎತ್ತರವನ್ನು ಕೇಳಿದರೆ ನನಗೆ ಬೆವರುತ್ತದೆ. ನಾನು ಅರಕಲಗೂಡಿನಲ್ಲಿ ಆರಡಿ ಮೂರಂಗುಲ ಎಂದೆನಂತೆ, ಚನ್ನರಾಯಪಟ್ಟಣದಲ್ಲಿ ಆರಡಿ ಐದಂಗುಲ ಎಂದೆನಂತೆ. ಹಾಸನಕ್ಕೆ ಹೋದಾಗ ಊರು ದೊಡ್ಡದೆಂದು ಇನ್ನೊಂದಂಗುಲ ಸೇರಿಸಿದ್ದೂ ಉಂಟು. ಅಳೆದು ನೋಡಬಹುದಲ್ಲ ಎನ್ನುವಿರಿ. ಒಮ್ಮೆ ಟೇಪು ಹಿಡಿದು ಹೋಗಿದ್ದೆ. ತುದಿ ಹಿಡಿಯಲು ನನಗೆ ಎಟುಕಲಿಲ್ಲ. ಅವನೇ ಹಿಡಿದುಕೊಂಡ, ಆದರೆ ಅಲ್ಲಿ ಬರೆದ ಅಂಕಿ ಅವನಿಗೆ ಓದಲು ಬರುತ್ತಿರಲಿಲ್ಲ.

ಅವನು ನನ್ನ ಕಣ್ಣಿಗೆ ಬಿದ್ದದ್ದು ಅರಕಲಗೂಡಿನ ಬಸ್ ನಿಲ್ದಾಣದಲ್ಲಿ. ನಾನು ಲೋಯರ್ ಸೆಕೆಂಡರಿ ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗಿದ್ದೆ. ಬಸ್ಸಿನ ತಲೆಯ ಮೇಲೆ ನನ್ನ ಹಾಸಿಗೆಯ ಸುರುಳಿ ಇತ್ತು. ಛತ್ರಿಯೂ ಇರಬಹುದು. ಅದನ್ನು ಇಳಿಸಲು ಕ್ಲೀನರು ಏಣಿಯ ಕಡೆ ತಿರುಗುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಒಬ್ಬ ಮನುಷ್ಯ ನೆಲದ ಮೇಲೆ ನಿಂತೇ ಕೈ ಚಾಚಿ, ಮರದಿಂದ ನುಗ್ಗೆಕಾಯಿ ಕೀಳುವಂತೆ, ಸುರುಳಿಯನ್ನು ಇಳಿಸಿ ನನ್ನ ಕೈಗಿಟ್ಟ. ನಾನು ಕತ್ತೆತ್ತಿ ನೋಡಿದೆ. ಇನ್ನೂ ಎತ್ತಿದೆ. ಯಾವೂರಪ್ಪ ನಿನ್ನದು ಎಂದು ಕೇಳಿದೆ. ದುದ್ದದ ಹತ್ತಿರದ ಹಳ್ಳಿಯವನಂತೆ, ಹೆಸರು ಪುಟ್ಟಬಸವನಂತೆ, ಹುಟ್ಟಿದಾಗ ಅಂಗೈಯಗಲ ಇದ್ದುದರಿಂದ ಆ ಹೆಸರಿಟ್ಟರಂತೆ. ಅಕ್ಕನ ಮನೆಗೆ ಬಂದವನು ಎರಡು ತಿಂಗಳಿಂದ ಅಲ್ಲೇ ಇದ್ದಾನಂತೆ. ಯಾಕೆಂದರೆ ಅಕ್ಕನ ಮನೆಯ ಹಂಚು ಸರಿಪಡಿಸಲು ಏಣಿ ಬೇಕಾಗುತ್ತಿರಲಿಲ್ಲ. ಅವನು ಹೋಗುತ್ತೇನೆಂದರೆ ಭಾವ ಬಿಡುತ್ತಿರಲಿಲ್ಲ.

ಆ ವೇಳೆಗೆ ನಾನು ಹೊಳೆನರಸೀಪುರದಲ್ಲಿ ಬ್ಯಾಸ್ಕೆಟ್‌ಬಾಲ್ ಶುರುಮಾಡಿ ಕೈಸುಟ್ಟುಕೊಂಡಿದ್ದೆ. ಮೈಸೂರಿನಲ್ಲಿ ಓದುವಾಗ ಬೇಲಿಯಾಚೆಯಿಂದ ಆ ಆಟವನ್ನು ನೋಡಿದ್ದೆ, ಅಷ್ಟೆ. ಬರುವಾಗ ಅದರ ನಿಯಮಗಳ ಇಂಗ್ಲಿಷ್ ಪುಸ್ತಕವೊಂದನ್ನು ತಂದಿದ್ದೆ. ಊರಿನ ಕ್ಲಬ್ಬಿನ ಅಧ್ಯಕ್ಷರು ನಿವೃತ್ತ ಅಮಲ್ದಾರರು. ಅವರಿಗೆ ಹೊಸದನ್ನು ಮಾಡುವ ಹುಮ್ಮಸ್ಸು. ಪುಸ್ತಕ ಇದ್ದವನೇ ಕಾರ್ಯದರ್ಶಿ ಎಂದು ನನ್ನನ್ನು ನೇಮಿಸಿದರು. ಅಂಗಳಕ್ಕೆ ಜಾಗ ಕೊಟ್ಟವನು ಊರಾಚೆಯ ರೈತ ಶಿವನಂಜಪ್ಪ. ಅವನ ರಾಗಿ ಕಣ ನದಿಯ ದಾರಿಯಲ್ಲಿ, ನೆಲ ಗಟ್ಟಿಸಿ, ಸಗಣಿ ಸಾರಿಸಿ, ಕನ್ನಡಿಯ ಹಾಗೆ ಇತ್ತು. ರಾಗಿ ಒಕ್ಕುವ ದಿನಗಳನ್ನು ಬಿಟ್ಟು ಮಿಕ್ಕ ಕಾಲದಲ್ಲಿ ಆಡಿಕೊಳ್ಳಿ ಎಂದ. ಒಂದೇ ಒಂದು ತೊಡಕು. ಕಣದ ನಟ್ಟನಡುವೆ ಮೇಟಿ ಇತ್ತು. ಎತ್ತುಗಳನ್ನು ಕಟ್ಟಿ ಸುತ್ತ ತಿರುಗಿಸುವ ಆ ಕಂಬವನ್ನು ತೆಗೆಯುತ್ತೇನೆಂದರೆ ಶಿವನಂಜಪ್ಪ ಹೌಹಾರಿದ. ಪೂಜೆ ಮಾಡಿ ನೆಟ್ಟದ್ದು, ಮೇಟಿಯಿಲ್ಲದ ಕಣ ಬರಿದಾಗಿ ಕಾಣುತ್ತದೆ, ಬೇಕಾದರೆ ಸುತ್ತ ಆಡಿಕೊಳ್ಳಿ ಎಂದ. ಎರಡು ವಾರ ಸುತ್ತಲೇ ಆಡಿದೆವು. ಗಣಿತದ ಮೇಷ್ಟರು ಹಿಂದುಹಿಂದಕ್ಕೆ ಓಡಿ ಕಂಬಕ್ಕೆ ತಲೆ ಕೊಟ್ಟ ಮೇಲೆ ಆಟಗಾರರ ಸಂಖ್ಯೆ ಇಳಿಯತೊಡಗಿತು.

ಆಗಲೇ ನಾನು ಅರಕಲಗೂಡಿನಿಂದ ಪುಟ್ಟಬಸವನನ್ನು ಕರೆತಂದದ್ದು. ಆ ಕಾಲದ ನಿಯಮ ಹೀಗಿತ್ತು: ಒಂದೊಂದು ಗೋಲಾದಾಗಲೂ ಚೆಂಡನ್ನು ಮತ್ತೆ ಅಂಗಳದ ನಡುವೆ ತರಬೇಕು. ಎರಡು ಕಡೆಯ ಸೆಂಟರುಗಳು ವೃತ್ತದಲ್ಲಿ ನಿಲ್ಲಬೇಕು. ರೆಫರಿ ಚೆಂಡನ್ನು ಮೇಲಕ್ಕೆಸೆದಾಗ ಇಬ್ಬರೂ ಎಗರಿ ತಮ್ಮವರ ಕಡೆಗೆ ತಟ್ಟಬೇಕು. ಎಗರುವವನು ಎತ್ತರವಿದ್ದರೆ ಚೆಂಡು ಸದಾ ಅವನ ಕಡೆಗೇ. ಪುಟ್ಟಬಸವ ಎಗರುತ್ತಿದ್ದ ಎನ್ನುವುದು ಗೌರವಕ್ಕೆ ಹೇಳುವ ಮಾತು. ಅವನು ಹಿಮ್ಮಡಿ ಎತ್ತುತ್ತಿದ್ದ, ಅಷ್ಟೆ. ಮೊದಲ ದಿನ ಅವನನ್ನು ಕಂಬದ ಪಕ್ಕದಲ್ಲಿ ನಿಲ್ಲಿಸಿದಾಗ ಶಿವನಂಜಪ್ಪ ಬಂದು ಕಂಬವನ್ನೊಮ್ಮೆ ಇವನನ್ನೊಮ್ಮೆ ನೋಡಿದ. ಬಹಳ ಹೊತ್ತು ಯೋಚಿಸಿ, "ಇವ್ನು ನಿಂತ್ಕಳಾದಾದ್ರೆ ಕಂಬ ಕಿತ್ಕಳಿ ಸಾ. ಆದ್ರೆ ಇವ್ನು ಆ ಜಾಗ ಬುಟ್ಟು ಅಲ್ಲಾಡ್ಕೂಡ್ದು" ಎಂದ.

ಕಂಬ ಕೀಳಿಸಿ, ನಾನು ಪುಸ್ತಕ ತೆರೆದು ನೋಡಿದೆ. ಎಗರುವವರು ವೃತ್ತವನ್ನು ಬಿಟ್ಟು ಕದಲತಕ್ಕದ್ದಲ್ಲ ಎಂಬ ಸಾಲು ಅಲ್ಲೇ ಇತ್ತು. ಇಂಗ್ಲಿಷ್ ಪುಸ್ತಕವೂ ಶಿವನಂಜಪ್ಪನೂ ಒಂದೇ ಮಾತು ಹೇಳುತ್ತಿದ್ದಾರಲ್ಲ ಎಂದು ನನಗೆ ಆನಂದವಾಯಿತು. ಅವತ್ತೇ ನಿಯಮಗಳನ್ನು ಕನ್ನಡಕ್ಕೆ ತಂದು, ನನ್ನ ಕೈಬರಹದಲ್ಲೇ ಪ್ರತಿ ಮಾಡಿ, ಹಾಸನಕ್ಕೊಂದು, ಅರಕಲಗೂಡಿಗೊಂದು, ಚನ್ನರಾಯಪಟ್ಟಣಕ್ಕೊಂದು ಕಳಿಸಿದೆ. ಅಲ್ಲಿಯೂ ಕ್ಲಬ್ಬುಗಳು ಹುಟ್ಟಿದವು. ಎಲ್ಲ ಕಡೆಯೂ ಸೆಂಟರಿಗೆ ಮೇಟಿ ಎಂದೇ ಹೆಸರಾಯಿತು. ಎಲ್ಲ ಕಡೆಯೂ ಮೇಟಿ ನಡುವೆ ನೆಟ್ಟ ಹಾಗೆ ನಿಲ್ಲುತ್ತಿದ್ದ. ಉಳಿದ ನಾಲ್ವರು ಸುತ್ತ ಓಡುತ್ತಿದ್ದರು. ನೋಡಲು ಬಹಳ ಶಿಸ್ತಾಗಿತ್ತು.

ಮೇಟಿಗಳಿಗೆ ಮಾತ್ರ ಹೊತ್ತು ಹೋಗುತ್ತಿರಲಿಲ್ಲ. ಗೋಲಾದಾಗ ಒಮ್ಮೆ ಎಗರುವುದು, ಮತ್ತೆ ಗೋಲಾಗುವ ತನಕ ಎದುರುಬದುರು ನಿಂತಿರುವುದು. ಎದುರಿಗೆ ಇರುವವನೂ ರೈತನ ಮಗನೇ. ಮಾತು ಬಾರದೆ ಇರುತ್ತದೆಯೇ? ನಮ್ಮ ಪುಟ್ಟಬಸವನೂ ಅರಕಲಗೂಡಿನ ಮೇಟಿಯೂ ಒಂದು ಪಂದ್ಯದುದ್ದಕ್ಕೂ ಎಮ್ಮೆಯ ಗಬ್ಬದ ವಿಷಯ ಮಾತಾಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಚನ್ನರಾಯಪಟ್ಟಣದ ಮೇಟಿ ಗಂಗಾಧರನ ಜೊತೆಗಂತೂ ಸಲುಗೆ ಬೆಳೆದು, ಎರಡನೆಯ ವರ್ಷದ ಪಂದ್ಯದ ಉತ್ತರಾರ್ಧದಲ್ಲಿ ಅವನ ತಂಗಿಯನ್ನು ಪುಟ್ಟಬಸವನಿಗೆ ಕೊಡುವ ಮಾತು ವೃತ್ತದೊಳಗೇ ನಿಶ್ಚಯವಾಯಿತು. ಚೆಂಡು ಅವರ ಕಾಲ ಹತ್ತಿರ ಉರುಳಿ ಬಂದರೂ ಇಬ್ಬರೂ ಮುಟ್ಟಲಿಲ್ಲವೆಂದು ರೆಫರಿ ಆಮೇಲೆ ದೂರಿದರು. ಹೆಣ್ಣಿನ ತಂದೆ ಹುಡುಗನ ಕೆಲಸವೇನೆಂದು ಕೇಳಿದ್ದಕ್ಕೆ, ಕ್ಲಬ್ಬಿನಲ್ಲಿ ಖಾಯಂ ನೌಕರಿ ಎಂದು ನಾನೇ ಕಾಗದ ಬರೆದುಕೊಟ್ಟೆ.

ನೌಕರಿ ಇದ್ದದ್ದು ನಿಜ. ಅಮಲ್ದಾರರು ಅವನನ್ನು ಮಾರ್ಕರ್ ಎಂಬ ಹೆಸರಿನಲ್ಲಿ ಇಟ್ಟುಕೊಂಡಿದ್ದರು. ಟೆನಿಸ್ ಬಲೆ ಕಟ್ಟುವುದು, ಗೆರೆ ಎಳೆಯುವುದು ಮಾರ್ಕರನ ಕೆಲಸ. ಆದರೆ ನಮ್ಮ ಟೆನಿಸ್ ಬಲೆಯನ್ನು ಯಾವಾಗಲೋ ಯಾರೋ ಮೀನು ಹಿಡಿಯಲು ಒಯ್ದಿದ್ದರು. ಆದ್ದರಿಂದ ಪುಟ್ಟಬಸವನಿಗೆ ಎಗರುವುದೊಂದೇ ಉದ್ಯೋಗ. ಬೇರೆಯವರು ಕೆಲಸ ಮುಗಿಸಿ ಆಡುತ್ತಿದ್ದರು, ಇವನು ಆಡಿ ಕೆಲಸ ಮುಗಿಸುತ್ತಿದ್ದ. ಜನಗಣತಿಗೆ ಮೇಷ್ಟರುಗಳನ್ನೇ ಹಾಕುತ್ತಾರಷ್ಟೆ. ಅವನ ಮನೆ ನನ್ನ ಪಾಲಿಗೆ ಬಂದಿತ್ತು. ವೃತ್ತಿ ಎಂಬಲ್ಲಿ ನಾನು ಪ್ರಾಮಾಣಿಕವಾಗಿ "ಬ್ಯಾಸ್ಕೆಟ್‌ಬಾಲ್ ಮೇಟಿ" ಎಂದು ಬರೆದೆ. ತಾಲ್ಲೂಕು ಕಚೇರಿಯವರು ಅದನ್ನು ಬೇಸಾಯದ ಪಟ್ಟಿಗೆ ಸೇರಿಸಿಬಿಟ್ಟರು.

ಒಮ್ಮೆ ಪುಟ್ಟಬಸವನ ಕಾಲು ಉಳುಕಿತು. ಎಂಟು ದಿನ ಎಗರಲಿಲ್ಲ. ಅಮಲ್ದಾರರು ಬೆತ್ತದ ಕುರ್ಚಿಯಲ್ಲಿ ಕುಳಿತು ನನ್ನನ್ನು ಕರೆಸಿದರು. ಸರ್ಕಾರದಲ್ಲಿ ಮೂವತ್ತು ವರ್ಷ ಒಬ್ಬೊಬ್ಬನಿಗೆ ಒಂದೊಂದು ಕೆಲಸ ಹಂಚಿ ರೂಢಿಯಾದವರು. "ನೋಡ್ರೀ ಮೇಷ್ಟ್ರೇ, ಅವನು ಒಳ್ಳೆಯವನೇ. ಆದ್ರೆ ಅವನನ್ನ ಇಟ್ಕೊಂಡಿರೋದು ಎಗರೋಕೆ. ಎಗರೋದು ನಿಂತ ದಿನ ಅವನನ್ನ ಊರಿಗೆ ಕಳಿಸಿಬಿಡೋದೇ" ಎಂದರು. ಒಂಬತ್ತನೆಯ ದಿನ ಪುಟ್ಟಬಸವ ಎಗರಿದ. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕುಳಿತಿತು. ಅವನಿಗಾಗಲೇ ಮದುವೆಯಾಗಿತ್ತು. ಹೆಂಡತಿ ಬಸುರಿ. ನನ್ನ ಕಾಗದ ನಂಬಿ ಹೆಣ್ಣು ಕೊಟ್ಟ ಮಾವ ಚನ್ನರಾಯಪಟ್ಟಣದಲ್ಲಿ ಗಟ್ಟಿಮುಟ್ಟಾಗಿದ್ದ.

ಇದಾದ ಕೆಲವು ತಿಂಗಳಿಗೇ ಮದರಾಸಿನಿಂದ ಹೊಸ ನಿಯಮಗಳ ಪುಸ್ತಕ ಅಂಚೆಯಲ್ಲಿ ಬಂತು. ನಾನೇ ತರಿಸಿದ್ದೋ ಅವರೇ ಕಳಿಸಿದ್ದೋ ನೆನಪಿಲ್ಲ. ಊಟದ ಎಲೆಯ ಮುಂದೆ ಕುಳಿತು ಹಾಳೆ ತಿರುವಿದೆ. ಗೋಲಾದ ಮೇಲೆ ಇನ್ನು ನಡುವೆ ಎಗರುವುದಿಲ್ಲ, ಗೋಲು ಹಾಕಿಸಿಕೊಂಡವರು ಗೆರೆಯಾಚೆಯಿಂದ ಚೆಂಡನ್ನು ಒಳಗೆ ಹಾಕಿ ಆಟ ಮುಂದುವರಿಸತಕ್ಕದ್ದು ಎಂದಿತ್ತು. ಆಟದ ಆರಂಭದಲ್ಲಿ ಒಂದು ಎಗರು ಉಂಟು, ಅಷ್ಟೆ. ಲೋಕದ ಯಾವುದೋ ಮೂಲೆಯಲ್ಲಿ ಯಾರೋ ಕೋಟು ಹಾಕಿಕೊಂಡವರು ಮೇಜಿನ ಸುತ್ತ ಕುಳಿತು ಒಂದು ಸಾಲು ಹೊಡೆದುಹಾಕಿದ್ದರು, ದುದ್ದದ ಪುಟ್ಟಬಸವನ ಕೆಲಸ ಹೋಗಿತ್ತು.

ಪುಸ್ತಕವನ್ನು ನನ್ನಾಕೆಯ ಸೀರೆಪೆಟ್ಟಿಗೆಯ ತಳದಲ್ಲಿ ಇಟ್ಟೆ. ಬಚ್ಚಿಟ್ಟೆ ಎಂದು ಹೇಳಲು ಇಷ್ಟವಿಲ್ಲ. ಮನೆಯಲ್ಲಿ ಬೀಗವಿರುವ ಪೆಟ್ಟಿಗೆ ಅದೊಂದೇ ಆಗಿತ್ತು. ಆದರೆ ಸೀರೆಪೆಟ್ಟಿಗೆ ಹಬ್ಬ ಬಂದಾಗಲೆಲ್ಲ ತೆರೆಯುವಂಥದು ಎಂಬುದನ್ನು ತರ್ಕಶಾಸ್ತ್ರ ನನಗೆ ಕಲಿಸಿರಲಿಲ್ಲ. ಗೌರಿಹಬ್ಬದ ದಿನ ಆಕೆ ಪುಸ್ತಕ ಹಿಡಿದುಕೊಂಡು ಕೋಣೆಯಿಂದ ಬಂದಳು. ಏನಿದು ಎಂದಳು. ಆಟದ ನಿಯಮ ಎಂದೆ. "ನಿಯಮನ ಯಾರಾದ್ರೂ ರೇಷ್ಮೆ ಸೀರೆ ಕೆಳಗೆ ಇಡ್ತಾರಾ?" ಎಂದು ಕೇಳಿದಳು. ವಿಷಯ ಹೇಳದೆ ವಿಧಿಯಿರಲಿಲ್ಲ. ಕೇಳಿ, ಪುಸ್ತಕವನ್ನು ಮತ್ತೆ ಅಲ್ಲಿಯೇ ಇಟ್ಟು, ಮೇಲೆ ಇನ್ನೆರಡು ಸೀರೆ ಹೊದಿಸಿದಳು. ನಮ್ಮ ದಾಂಪತ್ಯದಲ್ಲಿ ಆಕೆ ನನ್ನ ಅಭಿಪ್ರಾಯವನ್ನು ಪೂರ್ತಿಯಾಗಿ ಒಪ್ಪಿದ್ದು ಅದೊಂದೇ ಸಲವಿರಬೇಕು.

ಹೀಗೆ ಮೂರು ವರ್ಷವೋ ನಾಲ್ಕು ವರ್ಷವೋ ನಡೆಯಿತು. ಯುದ್ಧ ಶುರುವಾಯಿತು, ಸೀಮೆಎಣ್ಣೆ ಸಿಗದಾಯಿತು, ಬಸ್ಸುಗಳು ಇದ್ದಿಲ ಒಲೆ ಹೊತ್ತುಕೊಂಡು ಕೆಮ್ಮುತ್ತ ಓಡಾಡಿದವು. ಲೋಕವೆಲ್ಲ ಹೊಸ ನಿಯಮದಲ್ಲಿ ಆಡುತ್ತಿದ್ದಾಗ ಹಾಸನ ಜಿಲ್ಲೆಯೊಂದು ಮಾತ್ರ ನನ್ನ ದೆಸೆಯಿಂದ ಹಳೆಯದರಲ್ಲೇ ಎಗರುತ್ತಿತ್ತು. ಪುಟ್ಟಬಸವನ ಕೀರ್ತಿ ಬೆಳೆಯುತ್ತಿತ್ತು. ಅವನು ಎಗರುವುದನ್ನು ನೋಡಲೆಂದೇ ಹರದನಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಾಲ್ಕೂರುಗಳ ಪಂದ್ಯದಲ್ಲಿ ಗೆದ್ದವರಿಗೆ ಕೊಡುವ ಕಪ್ಪು ಪ್ರತಿವರ್ಷ ನಮಗೇ. ಪುಟ್ಟಬಸವನ ಸಂಸಾರಕ್ಕಾಗಿ ಪುಸ್ತಕ ಬಚ್ಚಿಟ್ಟೆನೋ, ಕಪ್ಪಿಗಾಗಿಯೋ? ಆಗ ಸಂಸಾರಕ್ಕಾಗಿ ಎಂದು ಪ್ರಮಾಣ ಮಾಡುತ್ತಿದ್ದೆ. ಈಗ ಕೇಳಿದರೆ ಬೀಗದ ಪ್ರಶ್ನೆಗೆ ಕೊಟ್ಟ ಉತ್ತರವನ್ನೇ ಕೊಡುತ್ತೇನೆ.

ಹೀಗಿರುವಾಗ ಒಂದು ವರ್ಷ ಪಂದ್ಯ ಹಾಸನದಲ್ಲಿ ನಡೆಯಿತು. ಕೊನೆಯ ಸುತ್ತಿನಲ್ಲಿ ನಮಗೂ ಚನ್ನರಾಯಪಟ್ಟಣಕ್ಕೂ ಆಟ. ಅವರಿಗೆ ಆ ವರ್ಷ ಮದರಾಸಿನಲ್ಲಿ ತರಬೇತಾದ ಹೊಸ ಡ್ರಿಲ್ ಮೇಷ್ಟರು ಬಂದಿದ್ದರು. ಕತ್ತಿನಲ್ಲಿ ಸೀಟಿ, ಕಂಕುಳಲ್ಲಿ ಪುಸ್ತಕ. ಆ ಪುಸ್ತಕದ ರಟ್ಟಿನ ಬಣ್ಣ ನಮ್ಮ ಸೀರೆಪೆಟ್ಟಿಗೆಯಲ್ಲಿದ್ದುದರದೇ. ನೀವಿನ್ನೂ ಗೋಲಿಗೊಂದು ಸಲ ಎಗರುತ್ತಿದ್ದೀರಂತಲ್ಲ, ಅದು ಹೋಗಿ ಎಷ್ಟು ಕಾಲವಾಯಿತು ಎಂದು ಅವರು ಎಲ್ಲರೆದುರು ಕೇಳಿದರು. ನಾಲ್ಕೂರಿನವರೂ ನನ್ನ ಮುಖ ನೋಡಿದರು. ಜಿಲ್ಲೆಗೆ ನಿಯಮ ಹೇಳುವವನು ನಾನೇ ಅಲ್ಲವೇ? ನಮಗೆ ಬಂದಿಲ್ಲ ಎಂದೆ. ಯುದ್ಧಕಾಲ, ಅಂಚೆ ತಡ ಎಂದೂ ಸೇರಿಸಿದೆ. ಹಾಸನದವರು ನ್ಯಾಯಸ್ಥರು. ಪುಸ್ತಕದಲ್ಲಿದ್ದ ಮೇಲೆ ಹಾಗೇ ಆಡೋಣ ಎಂದುಬಿಟ್ಟರು. ಅಮಲ್ದಾರರು ಕೊರಳೆತ್ತಿ ಪುಟ್ಟಬಸವನನ್ನು ನೋಡಿದರು. ಅವನು ಬನಿಯನ್ನಿನ ತೋಳು ಮಡಿಸುತ್ತ ಎಂದಿನಂತೆ ಭಾವಮೈದುನ ಗಂಗಾಧರನಿಗೆ ಎರಡನೆಯ ಮಗುವಿನ ಹಲ್ಲಿನ ಸುದ್ದಿ ಹೇಳುತ್ತಿದ್ದ.

ಆಟ ಶುರುವಾಯಿತು. ಮೊದಲ ಎಗರು ಪುಟ್ಟಬಸವನದೇ. ಚೆಂಡನ್ನು ನಮ್ಮವರ ಕಡೆ ತಟ್ಟಿ, ವೃತ್ತದಲ್ಲಿ ಕೈಕಟ್ಟಿ ನಿಂತು, ಮಗುವಿನ ಹಲ್ಲಿನ ವಿಷಯ ಮುಂದುವರಿಸಲೆಂದು ತಿರುಗಿದ. ಗಂಗಾಧರ ಅಲ್ಲಿರಲಿಲ್ಲ. ಅವನು ಬುಟ್ಟಿಯ ಕಡೆಗೆ ಓಡುತ್ತಿದ್ದ.

"ಲೇ ಗಂಗಾದರ, ಎಲ್ಲಿಗ್ಲಾ ಓಯ್ತಿದ್ದೀಯ?" ಎಂದು ಪುಟ್ಟಬಸವ ಕೂಗಿದ.

"ಬತ್ತೀನಿ ತಡಿ ಬಾವ" ಎಂದು ಗಂಗಾಧರ ಓಡುತ್ತಲೇ ಹೇಳಿ, ಅವನ ಕಡೆಯವರು ನಮ್ಮವರಿಂದ ಕಿತ್ತು ಎಸೆದ ಚೆಂಡನ್ನು ಬುಟ್ಟಿಯ ಕೆಳಗೆ ಹಿಡಿದು, ಗೋಲು ಹಾಕಿದ.

ಆಮೇಲೆ ನಡೆದದ್ದನ್ನು ನೋಡಲಾಗಲಿಲ್ಲ. ಗೋಲಾದರೂ ಯಾರೂ ನಡುವೆ ಬರಲಿಲ್ಲ. ಪುಟ್ಟಬಸವ ಪಾಪ, ಒಂದೊಂದು ಗೋಲಿಗೂ ಹಿಮ್ಮಡಿ ಎತ್ತಿ ಸಿದ್ಧನಾಗುತ್ತಿದ್ದ. ಚೆಂಡು ಅವನ ತಲೆಯ ಪಕ್ಕದಿಂದ ಅತ್ತಿತ್ತ ಹಾರುತ್ತಿತ್ತು. ಗಂಗಾಧರ ಮತ್ತೆ ಮತ್ತೆ ಗೋಲು ಹಾಕುತ್ತಿದ್ದ. ನನಗೆ ರೋಷ ಬಂತು. ಹೊಸ ನಿಯಮ ಬೇಕಾದರೆ ಬರಲಿ, ಇರುವ ನಿಯಮವನ್ನು ಮುರಿಯುವುದೆಂದರೇನು? ಆಟ ನಿಲ್ಲಿಸಿ ಎಂದು ಕೈಯೆತ್ತಿ ಅಂಗಳಕ್ಕೆ ನುಗ್ಗಿದೆ. ಚನ್ನರಾಯಪಟ್ಟಣದ ಮೇಟಿ ತನ್ನ ಜಾಗ ಬಿಟ್ಟು ಹೋಗುತ್ತಿದ್ದಾನೆ, ಇದು ಶುದ್ಧ ಅನ್ಯಾಯ ಎಂದೆ. ಡ್ರಿಲ್ ಮೇಷ್ಟರಿಗೆ ಅರ್ಥವಾಗಲಿಲ್ಲ. ಹೋದರೇನು, ಯಾವ ನಿಯಮ ಎಂದು ಕೇಳಿದರು. ನಿಮ್ಮ ಪುಸ್ತಕದಲ್ಲೇ ಇರಬೇಕು, ತೆಗೆಯಿರಿ ಎಂದೆ. ಅವರು ತೆಗೆದು ನನ್ನ ಕೈಗೇ ಕೊಟ್ಟರು.

ಇತ್ತು. ಎಗರುವವರು ವೃತ್ತ ಬಿಟ್ಟು ಕದಲತಕ್ಕದ್ದಲ್ಲ. ನಾನು ಗೆದ್ದ ದನಿಯಲ್ಲಿ ಓದಿದೆ. ಡ್ರಿಲ್ ಮೇಷ್ಟರು ಬೆರಳಿಟ್ಟು, ಸಾಲು ಇನ್ನೂ ಮುಗಿದಿಲ್ಲ, ಪೂರ್ತಿ ಓದಿ ಎಂದರು. ಚೆಂಡನ್ನು ತಟ್ಟುವ ತನಕ ಎಂದಿತ್ತು ಮುಂದೆ. ತಟ್ಟುವ ತನಕ ಮಾತ್ರ. ಆಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು. ಹಳೆಯ ಪುಸ್ತಕದಲ್ಲಿ ಹೀಗಿರಲಿಲ್ಲ ಎಂದು ನಾನು ಹೇಳಲು ಹೊರಟಾಗ ಹಾಸನದ ಕ್ಲಬ್ಬಿನವರೊಬ್ಬರು ಮಡಚಿ ಇಟ್ಟಿದ್ದ ಹಳೆಯ ಹಾಳೆಗಳನ್ನು ಜೇಬಿನಿಂದ ತೆಗೆದರು. ನನ್ನ ಕೈಬರಹ. ಮೇಟಿಯವನು ಆಟ ಮುಗಿಯುವವರೆಗೂ ವೃತ್ತವನ್ನು ಬಿಟ್ಟು ಕದಲಕೂಡದು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ. ನನ್ನ ನೆನಪಾದರೆ ಅನುಮಾನ ಪಡಬಹುದಿತ್ತು. ಅಕ್ಷರ ನನ್ನದೇ. ಕೊಂಬುಗಳನ್ನು ನನ್ನಷ್ಟು ಕೆಟ್ಟದಾಗಿ ಜಿಲ್ಲೆಯಲ್ಲಿ ಇನ್ನಾರೂ ಬರೆಯುವುದಿಲ್ಲ.

ಅರ್ಧಾವಧಿಯ ಸೀಟಿ ಊದಿದರು. ಅಮಲ್ದಾರರು ಛತ್ರಿ ಊರಿಕೊಂಡು ಬಂದು, "ಎಗರೋದೂ ಇಲ್ಲ ಅಂದ್ಮೇಲೆ ಇವನನ್ನ ಇಟ್ಕೊಂಡು ಏನು ಮಾಡೋದ್ರೀ ಮೇಷ್ಟ್ರೇ?" ಎಂದು ಪುಟ್ಟಬಸವನ ಎದುರಿಗೇ ಕೇಳಿದರು. ಇಷ್ಟು ವರ್ಷ ನಾನು ಸೀರೆಗಳ ಕೆಳಗೆ ಅದುಮಿಟ್ಟಿದ್ದ ಮಾತು ಅದು. ಪುಟ್ಟಬಸವ ಅದನ್ನು ಕೇಳಿಸಿಕೊಂಡ. ನಿಂಬೆಹಣ್ಣಿನ ಹೋಳನ್ನು ಚೀಪುವುದು ನಿಲ್ಲಿಸಿ ನನ್ನ ಕಡೆ ಬಗ್ಗಿದ.

"ಅಂಗಾರೆ ನಾನೂ ಓಗ್ಬೋದಾ ಸಾ, ಆ ಬುಟ್ಟಿ ತಾವ್ಕೆ?"

"ಹೋಗಬಹುದು."

"ಯಾವತ್ನಿಂದ?"

ಮೊದಲಿನಿಂದಲೂ ಹೋಗಬಹುದಾಗಿತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇವತ್ತಿನಿಂದ ಎಂದೆ.

ಉತ್ತರಾರ್ಧ ಶುರುವಾದಾಗ ಅವನು ವೃತ್ತದ ಗೆರೆಯ ಹತ್ತಿರ ಬಂದು ನಿಂತ. ಅತ್ತೆಯ ಮನೆಯ ಹೊಸಿಲು ದಾಟುವ ಹೊಸ ಮದುಮಗಳ ಹಾಗೆ ಬಲಗಾಲನ್ನು ಮುಂದಿಟ್ಟು, ಏನೂ ಆಗದಿದ್ದುದನ್ನು ಕಂಡು, ಎಡಗಾಲನ್ನೂ ಇಟ್ಟ. ಆಮೇಲೆ ನಡೆಯುತ್ತ ಹೋದ. ಓಡಲಿಲ್ಲ. ಅಷ್ಟುದ್ದ ಕಾಲಿಗೆ ಓಟ ಬೇಕಾಗಿರಲಿಲ್ಲ. ನಮ್ಮವರಿಗೇ ಏನು ಮಾಡಬೇಕೆಂದು ತೋಚದೆ ಒಂದು ನಿಮಿಷ ಚೆಂಡು ಹಿಡಿದುಕೊಂಡು ನಿಂತುಬಿಟ್ಟರು. ಗಣಿತದ ಮೇಷ್ಟರು ಕೊನೆಗೆ ಧೈರ್ಯಮಾಡಿ ಅವನ ಕಡೆ ಎಸೆದರು. ಪುಟ್ಟಬಸವ ಒಂದು ಕೈಯಲ್ಲಿ ಹಿಡಿದು, ಅಟ್ಟದ ಮೇಲೆ ಬೆಲ್ಲದ ಉಂಡೆ ಇಡುವಂತೆ, ಮೆತ್ತಗೆ ಬುಟ್ಟಿಯೊಳಗಿಟ್ಟ. ಜನ ಸದ್ದೇ ಮಾಡಲಿಲ್ಲ. ಅವರು ಎಗರುವುದನ್ನು ನೋಡಲು ಬಂದವರು. ಇದು ಸರಿಯೋ ತಪ್ಪೋ ಅವರಿಗೂ ಗೊತ್ತಾಗಲಿಲ್ಲ. ಎರಡನೆಯದನ್ನು ಇಟ್ಟಾಗ ಯಾರೋ ಕೇಕೆ ಹಾಕಿದರು. ನಾಲ್ಕನೆಯದರ ಹೊತ್ತಿಗೆ ಹಾಸನದ ಆ ಮೈದಾನದ ಬೇವಿನ ಮರಗಳಲ್ಲಿ ಒಂದು ಕಾಗೆಯೂ ಉಳಿದಿರಲಿಲ್ಲ. ಗಂಗಾಧರ ಅಡ್ಡ ಬಂದು ಭಾವನ ಕಂಕುಳ ಕೆಳಗೆ ಸಿಕ್ಕಿಕೊಂಡ. "ಬಾವ, ವಸಿ ಬುಡು" ಎಂದು ಬೇಡಿದ. "ನಡ್ಮದ್ಯೆ ಮಾತಾಡ್ತಾ ಇದ್ದೋನ್ನ ಬುಟ್ಟು ಓಡೋದ್ಯಲ್ಲ, ಅನುಬೋಗ್ಸು ಕಣ್ಲಾ" ಎಂದು ಪುಟ್ಟಬಸವ ಐದನೆಯದನ್ನು ಇಟ್ಟ.

ಗೆದ್ದೆವು. ಎಷ್ಟರಿಂದ ಎಂದು ಕೇಳಬೇಡಿ. ಎರಡು ಪಾಯಿಂಟೆಂದು ಡ್ರಿಲ್ ಮೇಷ್ಟರು ಹೇಳುತ್ತಾರೆ. ಶಿವನಂಜಪ್ಪ ಇಪ್ಪತ್ತು ಎನ್ನುತ್ತಾನೆ. ಅವನು ಪಂದ್ಯಕ್ಕೇ ಬಂದಿರಲಿಲ್ಲ.

ಸಂಜೆಯ ರೈಲಿನಲ್ಲಿ ಹೊಳೆನರಸೀಪುರಕ್ಕೆ ಹೊರಟೆವು. ಮುಂದಿನ ಡಬ್ಬಿಯಲ್ಲಿ ಕಪ್ಪನ್ನು ತಬಲಾ ಮಾಡಿಕೊಂಡು ಉಳಿದವರು ಹಾಡುತ್ತಿದ್ದರು. ಪುಟ್ಟಬಸವ ಬೆಂಚಿನ ಮೇಲೆ ಕಾಲು ಹಿಡಿಸದೆ ಬಾಗಿಲ ಬಳಿ ಕುಳಿತಿದ್ದ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಸುಳ್ಳು ಹೇಳಿದವನಿಗೆ ಗೆಲುವಿನ ದಿನ ಸೋತ ದಿನಕ್ಕಿಂತ ಕಷ್ಟ. ಹೊಸ ನಿಯಮದ ಪುಸ್ತಕ ಎಷ್ಟೋ ವರ್ಷದ ಹಿಂದೆಯೇ ಬಂದಿತ್ತೆಂದೂ, ಎಗರುವುದು ನಿಂತರೆ ಅವನ ಕೆಲಸ ಹೋಗುತ್ತದೆಂದು ನಾನೇ ಬಚ್ಚಿಟ್ಟೆನೆಂದೂ ಹೇಳಿದೆ. ಅವನನ್ನು ವೃತ್ತದಲ್ಲಿ ಕಟ್ಟಿಹಾಕಿದ್ದೂ ನಾನೇ, ಒಂದು ಸಾಲನ್ನು ಅರ್ಧ ಓದಿ, ಎಂದೂ ಹೇಳಿದೆ. ಹೇಳುವಾಗ ನನ್ನ ತ್ಯಾಗದ ಭಾಗ ಸ್ವಲ್ಪ ಉದ್ದವಾಗಿ, ತಪ್ಪಿನ ಭಾಗ ಸ್ವಲ್ಪ ಗಿಡ್ಡವಾಗಿ ಬಂದಿರಬಹುದು.

ಅವನು ಬೀಡಿಯನ್ನು ಬಾಗಿಲಾಚೆ ಎಸೆದು, "ಪುಸ್ತಕದ್ದು ಗೊತ್ತಿತ್ತು ಬುಡಿ ಸಾ" ಎಂದ.

ನನ್ನಾಕೆ ಅವನ ಹೆಂಡತಿಗೆ ಹೇಳಿದ್ದಳಂತೆ. ಆ ಗೌರಿಹಬ್ಬದ ಬಾಗಿನ ಕೊಡಲು ಹೋದಾಗಲೇ. ಬಸುರಿ ಹೆಂಗಸು ಗಾಬರಿಯಾಗದಿರಲಿ, ನಮ್ಮೆಜಮಾನರು ಇರುವವರೆಗೂ ನಿನ್ನ ಗಂಡನ ಕೆಲಸಕ್ಕೆ ಭಯವಿಲ್ಲ ಎಂದು ಧೈರ್ಯ ಹೇಳಿ ಬಂದಿದ್ದಳಂತೆ.

"ಗೊತ್ತಿದ್ದೂ ಯಾಕಯ್ಯ ಇಷ್ಟು ವರ್ಷ ಸುಮ್ಮನಿದ್ದೆ?" ಎಂದು ಕೇಳಿದೆ. ಕೆಲಸದ ಭಯ ಎನ್ನುತ್ತಾನೆ, ನಾನು ಅವನ ಬೆನ್ನು ತಟ್ಟಬಹುದು ಎಂದುಕೊಂಡಿದ್ದೆ. ಬೆನ್ನು ಎಟುಕುವ ಹಾಗೆ ಅವನು ಕುಳಿತೂ ಇದ್ದ.

"ನಂದೇನ್ ಸಾ. ಈ ಕೆಲ್ಸ ಓಗ್ಬುಟ್ರೆ ದುದ್ದದ್ ತಾವ ಎಲ್ಡ್ ಎಮ್ಮೆ ಕಟ್ಕಂಡು ಬದುಕ್ತಿದ್ದೆ. ನಮ್ಮಾವನೂ ಬ್ಯಾಡ ಅಂತಿರ್ಲಿಲ್ಲ" ಎಂದ. ಮಕ್ಕಳಿಗೆ ಹೇಳುವಷ್ಟು ಮೆತ್ತಗೆ ಮುಂದುವರಿಸಿದ. "ನಿಮ್ಗೆ ಬಾಲ್ ಇಡ್ಕಳಾಕೂ ಬರಾಕಿಲ್ಲ. ಓಡಾಕೂ ಆಗಾಕಿಲ್ಲ. ನಿಮ್ಗಿರಾದು ಆ ಅಳೇ ಪುಸ್ತಕ ಒಂದೇಯ. ಅದೂ ಓಗ್ಬುಟ್ರೆ ಕಮಿಟಿಯೋರು ನಿಮ್ಮನ್ನ ಮಡಿಕ್ಕತಾರಾ? ಅದ್ಕೇ ಸುಮ್ಕಿದ್ದೆ."

ರೈಲು ಹೇಮಾವತಿಯ ಸೇತುವೆ ದಾಟುತ್ತಿತ್ತು. ಹೊಳೆಯಲ್ಲಿ ನೀರೆಷ್ಟಿದೆ ಎಂದು ನಾನು ಬಗ್ಗಿ ನೋಡಿದೆ.

ಮುಂದಿನ ವಾರ ಕಮಿಟಿ ಕೂಡಿತು. ಪುಟ್ಟಬಸವನನ್ನು ಮಾರ್ಕರ್ ಕೆಲಸದಿಂದ ಬಿಡಿಸಿ, ಊರಿನ ಹುಡುಗರಿಗೆ ಆಟ ಕಲಿಸುವ ಮೇಷ್ಟರಾಗಿ ಖಾಯಂ ಮಾಡಿದ್ದಾಯಿತು. ಆಮೇಲೆ ಅಮಲ್ದಾರರು ಕನ್ನಡಕ ಒರೆಸಿಕೊಂಡು, ಕಾರ್ಯದರ್ಶಿಯ ವಿಷಯವೊಂದಿದೆ ಎಂದರು. ಚನ್ನರಾಯಪಟ್ಟಣದ ಡ್ರಿಲ್ ಮೇಷ್ಟರನ್ನೇ ಈ ಊರಿಗೆ ವರ್ಗ ಮಾಡಿಸಿಕೊಂಡರೆ ಹೇಗೆ, ಅವರು ಸಾಲನ್ನು ಕೊನೆಯವರೆಗೂ ಓದುತ್ತಾರೆ ಎಂದರು. ಅಮಲ್ದಾರರು ನನ್ನನ್ನು ಕೇಳಲಿಲ್ಲ. ಬಾಗಿಲವಾಡಕ್ಕೆ ತಲೆ ತಗಲದಂತೆ ಬಗ್ಗಿ ನಿಂತಿದ್ದ ಪುಟ್ಟಬಸವನ ಕಡೆ ತಿರುಗಿ, ನಿನಗೇನನ್ನಿಸುತ್ತದಯ್ಯ ಎಂದು ಕೇಳಿದರು. ಅವನು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದ. ದೂರ ಕಡಿಮೆ, ಬೇಗ ಮುಗಿಯಿತು.

"ಇರ್ಲಿ ಬುಡಿ ಸಾ, ಪಾಪ" ಎಂದ.

ಆ ಒಂದು ಶಿಫಾರಸಿನ ಮೇಲೆ ನಾನು ಇಂದಿಗೂ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದೇನೆ.